ಹೇಮಕುಂಡಕ್ಕೆ ಒಂದು ಹಗಲಿನ ದಾರಿ

ಗಢವಾಲ ಹಿಮಾಲಯದ ಚಮೋಲಿ ಜಿಲ್ಲೆಯಲ್ಲಿ, ಏಳು ಶಿಖರಗಳ ಆವರಣದೊಳಗೆ, ಸಮುದ್ರಮಟ್ಟದಿಂದ 4,000 ಮೀಟರನ್ನು ಮೀರಿದ ಎತ್ತರದಲ್ಲಿರುವ ಹೇಮಕುಂಡ ಸರೋವರದ ದಡದಲ್ಲಿ ರಾತ್ರಿ ತಂಗಲು ಯಾತ್ರಿಕರಿಗೆ ಅನುಮತಿಯಿಲ್ಲ. ಹರಕೆ ಹೊತ್ತು ಬಂದವನಾಗಲಿ, ಚಾರಣದ ಹವ್ಯಾಸದಿಂದ ಬಂದವನಾಗಲಿ, ಬೆಳಗ್ಗೆ ಏರಿದವನು ಸಂಜೆಯೊಳಗೆ ಕೆಳಗಣ ಘಾಂಘ್ರಿಯಾ ಎಂಬ ಊರಿಗೆ ಇಳಿದಿರಲೇಬೇಕು. ಈ ಒಂದು ಕಟ್ಟಳೆಯಿಂದ ಇಡೀ ಪ್ರಯಾಣದ ಸ್ವರೂಪವೇ ನಿರ್ಧಾರವಾಗುತ್ತದೆಯಾದುದರಿಂದ, ಹೋಗುವವರು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು ಹೊರಡುವ ಹೊತ್ತನ್ನಲ್ಲ, ಹಿಂದಿರುಗುವ ಹೊತ್ತನ್ನು.

ಘಾಂಘ್ರಿಯಾದಿಂದ ಸರೋವರಕ್ಕೆ ಇರುವ ದೂರ ಆರೇ ಕಿಲೋಮೀಟರು. ಅಂಕಿಯನ್ನಷ್ಟೇ ನೋಡಿದವರಿಗೆ ಇದು ನಗರದ ಉದ್ಯಾನವನವನ್ನು ಮೂರು ನಾಲ್ಕು ಸುತ್ತು ಬರುವಷ್ಟು ಸುಲಭವೆಂದು ತೋರಬಹುದು. ಆದರೆ ಆ ಆರು ಕಿಲೋಮೀಟರುಗಳಲ್ಲಿ ದಾರಿಯು ಸಾವಿರ ಮೀಟರಿಗೂ ಮಿಕ್ಕು ಮೇಲೇರುತ್ತದೆ. ಸಮತಟ್ಟಾದ ನೆಲವೆಂಬುದು ಎಲ್ಲಿಯೂ ಇಲ್ಲವೆಂದರೂ ನಡೆಯುತ್ತದೆ. ದೃಢಕಾಯರಿಗೆ ನಾಲ್ಕು ಗಂಟೆ, ಉಳಿದವರಿಗೆ ಆರು ಗಂಟೆ ಹಿಡಿಯುವ ಈ ಏರಿಕೆಯನ್ನು ಬೆಳಗಿನ ಐದು ಗಂಟೆಗೆ ಮುನ್ನವೇ ಆರಂಭಿಸಿದವರು ಹತ್ತು ಹನ್ನೊಂದರ ಸುಮಾರಿಗೆ ನೀರಿನ ಅಂಚಿನಲ್ಲಿ ನಿಂತಿರುತ್ತಾರೆ. ಮಧ್ಯಾಹ್ನವಾಗುತ್ತಲೇ ಕಣಿವೆಯಿಂದ ಮೋಡಗಳು ಮೇಲೇಳುತ್ತವೆ. ಕೆಲವೊಮ್ಮೆ ಮಳೆ, ಕೆಲವೊಮ್ಮೆ ಆಲಿಕಲ್ಲು. ಒಂದು ಗಂಟೆಯ ಹೊತ್ತಿಗೆ ಇಳಿಯತೊಡಗಬೇಕೆಂಬುದು ನನ್ನ ಎಣಿಕೆ. ಆ ಹೊತ್ತಿಗೆ ಇನ್ನೂ ಮೇಲೆ ಮುಟ್ಟಿಲ್ಲದವರು, ಸರೋವರ ಎಷ್ಟೇ ಹತ್ತಿರವಿದ್ದರೂ, ಹಿಂದಕ್ಕೆ ಹೆಜ್ಜೆ ಹಾಕುವುದು ಲೇಸು.

ನಮ್ಮ ಕಡೆಯ ಚಾರಣಿಗರಲ್ಲಿ ಒಂದು ಆತ್ಮವಿಶ್ವಾಸ ಉಂಟು: ಕುಮಾರಪರ್ವತವನ್ನು ಹತ್ತಿದವನಿಗೆ ಮತ್ತಾವ ಬೆಟ್ಟವೂ ಭಾರವಲ್ಲವೆಂದು. ಕಾಲಿನ ಮಟ್ಟಿಗೆ ಇದು ಸತ್ಯವೇ ಸರಿ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟು ಕುಮಾರಪರ್ವತದ ನೆತ್ತಿಯನ್ನು ಮುಟ್ಟುವವನು ಏರುವ ಎತ್ತರ ಒಂದೂವರೆ ಸಾವಿರ ಮೀಟರಿನಷ್ಟು. ಹೇಮಕುಂಡದ ಏರಿಕೆಗಿಂತ ಅದು ಹೆಚ್ಚೇ ಹೊರತು ಕಡಮೆಯಲ್ಲ. ಆದುದರಿಂದ ಎರಡು ಮೂರು ತಿಂಗಳು ಮುಂಚಿತವಾಗಿ ಅಲ್ಲಿ ಅಭ್ಯಾಸ ಮಾಡುವುದು ಸರ್ವಥಾ ಯೋಗ್ಯ. ಆದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಗಿಂತ, ಹೇಮಕುಂಡದ ಏರಿಕೆ ಇನ್ನೂ ಆರಂಭವೇ ಆಗದ ಘಾಂಘ್ರಿಯಾದ ಬೀದಿಯು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆಯೆಂಬುದನ್ನು ನೆನೆದರೆ, ತೊಡೆಯ ಬಲವೊಂದೇ ಸಾಲದೆಂಬುದು ಮನದಟ್ಟಾಗುತ್ತದೆ. ಸರೋವರದ ಎತ್ತರದಲ್ಲಿ ವಾಯುವಿನ ಒತ್ತಡವು ಕಡಲತೀರದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ಪ್ರತಿಯೊಂದು ಉಸಿರಿನಲ್ಲಿಯೂ ದೇಹಕ್ಕೆ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕುಗ್ಗಿರುತ್ತದೆ. ಇದಕ್ಕೆ ಕುಮಾರಪರ್ವತದಲ್ಲಿ ಶಿಕ್ಷಣವಿಲ್ಲ. ತಲೆನೋವು, ವಾಕರಿಕೆ, ಹಸಿವು ಇಂಗುವುದು, ನಡಿಗೆಯಲ್ಲಿ ತೂರಾಟ, ಇವುಗಳಲ್ಲಿ ಯಾವುದು ಕಂಡರೂ ಬಲ್ಲವರು ಹೇಳುವ ಮೊದಲ ಚಿಕಿತ್ಸೆ ಕೆಳಗಿಳಿಯುವುದೇ. ಹೃದ್ರೋಗ, ಶ್ವಾಸರೋಗಗಳುಳ್ಳವರು ಊರಿನಲ್ಲಿಯೇ ವೈದ್ಯರನ್ನು ಕಂಡು ಹೊರಡತಕ್ಕದ್ದು.

ಇಲ್ಲಿಯೇ ಆ ರಾತ್ರಿವಾಸದ ನಿಷೇಧವು ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಮೂರು ಸಾವಿರ ಮೀಟರಿನ ಮೇಲೆ, ಮಲಗುವ ಎತ್ತರವನ್ನು ಒಂದು ರಾತ್ರಿಗೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ಪರ್ವತವೈದ್ಯರು ಹೇಳುತ್ತಾರೆ. ಹಗಲು ಎಷ್ಟೇ ಏರಿದರೂ ಇರುಳಿಗೆ ಕೆಳಗೆ ಬಂದು ಮಲಗುವುದು ಅವರ ದೃಷ್ಟಿಯಲ್ಲಿ ಕ್ಷೇಮಕರ. ಸರೋವರದ ಪಾವಿತ್ರ್ಯ, ಅದರ ಶುದ್ಧಿ, ಯಾತ್ರಿಕನ ಪ್ರಾಣ, ಈ ಮೂರನ್ನೂ ಒಂದೇ ಕಟ್ಟಳೆಯು ಕಾಯುತ್ತದೆಯೆಂದರೆ, ಅದನ್ನು ಅಡಚಣೆಯೆಂದು ಗೊಣಗುವವರ ಬಗ್ಗೆ ನನಗೆ ಸಹಾನುಭೂತಿ ಹುಟ್ಟದು.

ಘಾಂಘ್ರಿಯಾಕ್ಕೆ ಮೊದಲಿನ ಹಾದಿಯನ್ನು ಅವಸರಿಸದಿರುವುದೇ ಸಿದ್ಧತೆಯ ಮುಖ್ಯಭಾಗ. ಹರಿದ್ವಾರ, ಋಷಿಕೇಶಗಳಿಂದ ಅಲಕನಂದೆಯ ದಂಡೆಯನ್ನು ಹಿಡಿದು ಸಾಗುವ ಬದರಿಯ ರಸ್ತೆಯಲ್ಲಿ, ಒಂದಿಡೀ ಹಗಲಿನ ಪ್ರಯಾಣದ ಕೊನೆಗೆ ಜೋಶಿಮಠ ದೊರೆಯುತ್ತದೆ. ಆದಿಶಂಕರರು ಸ್ಥಾಪಿಸಿದರೆನ್ನಲಾದ ನಾಲ್ಕು ಆಮ್ನಾಯಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಇದು. ತುಂಗೆಯ ತೀರದಿಂದ ಬಂದವನಿಗೆ ಇಲ್ಲಿ ಒಂದು ರಾತ್ರಿ ತಂಗಲು ಇದಕ್ಕಿಂತ ಬೇರೆ ಕಾರಣ ಬೇಡ. 2023ರ ಜನವರಿಯಲ್ಲಿ ನೆಲ ಕುಸಿದು ಮನೆಗಳ ಗೋಡೆಗಳು ಬಿರುಕುಬಿಟ್ಟ ಪಟ್ಟಣವೂ ಇದೇ. ಮುಂದೆ ಗೋವಿಂದಘಾಟ್, ಅಲ್ಲಿಂದ ಪುಲನಾದವರೆಗೆ ಜೀಪು, ಪುಲನಾದಿಂದ ಘಾಂಘ್ರಿಯಾಕ್ಕೆ ಸುಮಾರು ಹತ್ತು ಕಿಲೋಮೀಟರಿನ ಕಾಲುದಾರಿ. ಹೇಸರಗತ್ತೆಗಳುಂಟು, ಹೆಲಿಕಾಪ್ಟರೂ ಉಂಟು. ಆದರೂ ಈ ಹತ್ತು ಕಿಲೋಮೀಟರುಗಳನ್ನು ನಡೆದೇ ಏರಿದವನ ದೇಹವು ಮರುದಿನದ ಪರೀಕ್ಷೆಗೆ ಅರ್ಧ ಸಿದ್ಧವಾಗಿರುತ್ತದೆ. ಸಾಧ್ಯವಿದ್ದರೆ ಘಾಂಘ್ರಿಯಾದಲ್ಲಿ ಎರಡು ರಾತ್ರಿ ಕಳೆದು, ನಡುವಣ ಹಗಲನ್ನು ನೆರೆಯ ಪುಷ್ಪಕಣಿವೆಗೆ ಮೀಸಲಿಟ್ಟು, ಆಮೇಲೆ ಹೇಮಕುಂಡಕ್ಕೆ ಹೊರಡುವುದು ಉತ್ತಮ. 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಫ್ರಾಂಕ್ ಸ್ಮೈಥ್ ದಾರಿಯಲ್ಲಿ ಕಂಡು ಬೆರಗಾದ ಈ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅಲ್ಲಿಯೂ ರಾತ್ರಿ ತಂಗುವಂತಿಲ್ಲ.

ಋತುವಿನ ಆಯ್ಕೆ ಅವರವರ ಅಪೇಕ್ಷೆಗೆ ಬಿಟ್ಟದ್ದು. ಮೇ ಕೊನೆಗೋ ಜೂನ್ ಮೊದಲಿಗೋ ತೆರೆಯುವ ದಾರಿ ಅಕ್ಟೋಬರಿನಲ್ಲಿ ಮುಚ್ಚುತ್ತದೆ. ಜೂನ್ ತಿಂಗಳಲ್ಲಿ ಮೇಲಣ ಭಾಗವೆಲ್ಲ ಹಿಮ. ಜುಲೈ, ಆಗಸ್ಟುಗಳಲ್ಲಿ ಹೂವುಂಟು, ಹೂವಿನೊಡನೆ ಮಳೆಯೂ ಭೂಕುಸಿತವೂ ಉಂಟು. ಸೆಪ್ಟೆಂಬರಿನಲ್ಲಿ ಆಕಾಶ ತಿಳಿಯಾಗತೊಡಗುತ್ತದೆ. ಮಲೆನಾಡಿನವರು ಮಳೆಗೆ ಅಂಜುವವರಲ್ಲ, ನಿಜ. ಆದರೆ ಮಳೆಯಲ್ಲಿ ನೆನೆದು ಶೀತದ ಗಾಳಿಗೆ ಮೈಯೊಡ್ಡುವುದು ಬೇರೆಯೇ ಅನುಭವ. ಹತ್ತಿಯ ಬಟ್ಟೆಯನ್ನು ಬಿಟ್ಟು ಉಣ್ಣೆಯದನ್ನು ಒಯ್ಯಬೇಕು. ಮಳೆಯಂಗಿ, ಹಿಡಿತವುಳ್ಳ ಬೂಟು, ಒಣ ಕಾಲುಚೀಲ, ಒಂದು ಟಾರ್ಚು, ಊರುಗೋಲು, ಇಷ್ಟಿದ್ದರೆ ಸಾಕು. ಬುತ್ತಿಯ ಚಿಂತೆ ಬೇಡ: ಮೇಲೆ, ಸರೋವರದ ದಡದ ಸಿಖ್ ಗುರುದ್ವಾರದ ಲಂಗರಿನಲ್ಲಿ, ಅಂದರೆ ಸಾರ್ವಜನಿಕ ಭೋಜನಶಾಲೆಯಲ್ಲಿ, ಬಿಸಿ ಚಹಾ, ಖಿಚಡಿ ದೊರೆಯುತ್ತವೆ. ಯಾತ್ರೆಗೆ ಸರ್ಕಾರದ ನೋಂದಣಿಯನ್ನು ಮನೆಯಿಂದಲೇ ಮುಗಿಸಿಕೊಳ್ಳುವುದು ವಿಹಿತ.

ಕಾಡಿನ ಮರಗಳು ಹಿಂದುಳಿದು ಹುಲ್ಲು ಬಂಡೆಗಳ ಸೀಮೆಯನ್ನು ಹೊಕ್ಕಮೇಲೆ, ಮೊದಲು ನೀಲಿ ಪಾಪಿ ಹೂವುಗಳೂ, ಇನ್ನೂ ಮೇಲೆ ಬ್ರಹ್ಮಕಮಲವೂ ಕಾಣಸಿಗುತ್ತವೆ. ನಮ್ಮ ಅಂಗಳಗಳಲ್ಲಿ ಇರುಳು ಅರಳುವ, ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವ ಆ ಬಿಳಿಯ ಹೂವು ಅಮೆರಿಕದ ಕಳ್ಳಿಯ ಜಾತಿಗೆ ಸೇರಿದ್ದು; ಹಿಮಾಲಯದ ಬ್ರಹ್ಮಕಮಲಕ್ಕೂ ಅದಕ್ಕೂ ಬಳಗವಿಲ್ಲ. ಇಲ್ಲಿಯದು ಹಳದಿ ಹಸುರಿನ ಕಾಗದದಂಥ ತೆಳುಪದರಗಳೊಳಗೆ ನೇರಿಳೆಯ ಗೊಂಚಲನ್ನು ಅಡಗಿಸಿಕೊಂಡು ಹಗಲಿನಲ್ಲಿಯೇ ನಿಂತಿರುತ್ತದೆ. ಇದು ಉತ್ತರಾಖಂಡದ ರಾಜ್ಯಪುಷ್ಪ, ಕೀಳತಕ್ಕದ್ದಲ್ಲ.

ಸ್ಥಳೀಯರಿಗೆ ಈ ಸರೋವರ ಲೋಕಪಾಲ. ದಡದಲ್ಲಿ ಲಕ್ಷ್ಮಣನ ಗುಡಿಯಿದೆ. ಸಿಖ್ಖರ ಗುರು ಗೋವಿಂದಸಿಂಹರ ಬಚಿತ್ತರ ನಾಟಕವೆಂಬ ಕೃತಿಯಲ್ಲಿ, ಪೂರ್ವಜನ್ಮದಲ್ಲಿ ಅವರು ತಪಸ್ಸು ಮಾಡಿದ ಏಳು ಶೃಂಗಗಳ ಹೇಮಕುಂಟದ ಪ್ರಸ್ತಾಪ ಬರುತ್ತದೆ. ಆ ವರ್ಣನೆಯನ್ನೇ ಆಧಾರವಾಗಿಟ್ಟುಕೊಂಡು, 1930ರ ದಶಕದಲ್ಲಿ ಸೇನೆಯಿಂದ ನಿವೃತ್ತರಾದ ಸಂತ ಸೋಹನ್ ಸಿಂಗರು ಬೆಟ್ಟದ ಜನರನ್ನು ವಿಚಾರಿಸುತ್ತ ಇಲ್ಲಿಗೆ ಬಂದರು. ಭಾಯಿ ವೀರಸಿಂಗರ ಪ್ರೋತ್ಸಾಹದಿಂದ, ಹವಿಲ್ದಾರ್ ಮೋದನ್ ಸಿಂಗರ ನೆರವಿನಿಂದ ಒಂದು ಪುಟ್ಟ ಗುರುದ್ವಾರ ಎದ್ದಿತು. ಭೂಪಟವಿಲ್ಲದೆ, ಗ್ರಂಥದ ಒಂದು ಸೂಚನೆಯನ್ನು ನಂಬಿ ಹೊರಟ ಆ ಅನ್ವೇಷಣೆಯ ಮುಂದೆ ನಮ್ಮ ಸಿದ್ಧತೆಗಳೆಲ್ಲ ತುಸು ಅತಿಯೆಂದೇ ತೋರುತ್ತವೆ.

2025ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟವು ಗೋವಿಂದಘಾಟ್‌ನಿಂದ ಹೇಮಕುಂಡದವರೆಗೆ 12.4 ಕಿಲೋಮೀಟರಿನ ರೋಪ್‌ವೇಗೆ ಒಪ್ಪಿಗೆಯಿತ್ತಿದೆ. ವೃದ್ಧರಿಗೂ ಅಂಗವಿಕಲರಿಗೂ ಸರೋವರದ ದರ್ಶನ ಲಭಿಸುವುದನ್ನು ಬೇಡವೆನ್ನುವ ಅಧಿಕಾರ ಕಾಲ್ಬಲವುಳ್ಳವರಿಗೆ ಇಲ್ಲ. ಆದರೆ ಎರಡು ಹಗಲುಗಳಲ್ಲಿ ಕ್ರಮಕ್ರಮವಾಗಿ ಏರುತ್ತಿದ್ದ ದೇಹವನ್ನು ಯಂತ್ರವು ಒಂದೇ ಓಟದಲ್ಲಿ ಎರಡು ಸಾವಿರ ಮೀಟರಿಗೂ ಮಿಕ್ಕು ಮೇಲಕ್ಕೆತ್ತಿದಾಗ, ಅದನ್ನು ತಡೆದುಕೊಳ್ಳುವ ಶಕ್ತಿ ಅತ್ಯಂತ ಕಡಮೆಯಿರುವವರೇ ಆ ಗಾಡಿಯಲ್ಲಿ ಕುಳಿತಿರುತ್ತಾರೆ. ಮೇಲಣ ನಿಲ್ದಾಣದ ನಕ್ಷೆಯಲ್ಲಿ ಟಿಕೀಟಿನ ಕಿಂಡಿಗಿಂತ ಮೊದಲು ವೈದ್ಯರ ಕೊಠಡಿಯನ್ನು ಗುರುತಿಸಬೇಕು.