ಕಿಲ್ಲಾರಿಯ ಋಣ



ಸಂಸಾರಿಗೆ ಚಿಂತೆ ತಪ್ಪಿದ್ದಲ್ಲ. ಉದ್ರಿ ವಸೂಲಾಗಲಿಲ್ಲ, ತೊಗರಿಯ ದರ ಇಳಿಯಿತು, ಮಾಲಿನ ಲಾರಿ ತಡವಾಯಿತು ಎಂದು ನಮಗೆ ರಾತ್ರಿ ನಿದ್ದೆ ಬಾರದು. ಅಂಗಡಿಯ ಸಿಟ್ಟನ್ನು ಮನೆಮಂದಿಯ ಮೇಲೆ ತೀರಿಸಿಕೊಳ್ಳುತ್ತೇವೆ. ಇಂಥ ಹೊತ್ತಿನಲ್ಲಿ ಶಿರೂರ ಅನಂತಪಾಳ, ನಿಲಂಗಾ, ಉಮರ್ಗಾ ಭಾಗದ ನಾವು 1993ನೇ ಇಸವಿಯನ್ನು ನೆನೆಯಬೇಕು.

ಆ ವರ್ಷ ಸೆಪ್ಟೆಂಬರ್ 29 ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನ. ಊರೂರಲ್ಲಿ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ನಸುಕಿನ 4 ಗಂಟೆಗೆ ಸ್ವಲ್ಪ ಮುಂಚೆ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಮೊದಲಾದ ಹಳ್ಳಿಗಳು ನೆಲಸಮವಾದವು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಆಸರೆಯಾಗಿದ್ದ ಮನೆಯೇ ಮಲಗಿದವರ ಮೇಲೆ ಕುಸಿಯಿತು. ಸುಮಾರು 10,000 ಜನ ಸತ್ತರು.

ಆಗ ಸೇನೆಯ ಜವಾನರು ಬಂದರು. ಎಲ್ಲೆಲ್ಲಿಯ ಊರಿನವರೋ, ಯಾರ ಮನೆಯ ಮಕ್ಕಳೋ! ಸುರಿವ ಮಳೆಯಲ್ಲಿ ಕಲ್ಲುಮಣ್ಣು ತೆಗೆದು ಜೀವವಿದ್ದವರನ್ನು ಹುಡುಕಿದರು, ಕೊಳೆಯತೊಡಗಿದ್ದ ಶವಗಳನ್ನು ಹೊರಗೆ ತೆಗೆದರು. ಇನ್ನಾರೂ ಬದುಕಿರಲಾರರೆಂದು ಜನ ಆಸೆ ಬಿಟ್ಟಿದ್ದಾಗ, ಮಂಗರೂಳ ಗ್ರಾಮದ ಅವಶೇಷಗಳಡಿಯಿಂದ ಹದಿನೆಂಟು ತಿಂಗಳ ಹೆಣ್ಣುಮಗುವನ್ನು ಸೇನಾಧಿಕಾರಿಯೊಬ್ಬರು ಜೀವಂತವಾಗಿ ಎತ್ತಿ ತಂದರು. ಐದು ದಿನ ಆ ಕೂಸು ಮಣ್ಣಿನಡಿ ಇತ್ತು!

ಜವಾನನಿಗೂ ಮನೆಯಿದೆ. ವಯಸ್ಸಾದ ತಂದೆತಾಯಿ, ಹೊಲ, ಸಾಲ, ಮಗಳ ಶಾಲೆ, ನಮ್ಮ ಚಿಂತೆಗಳೆಲ್ಲ ಅವನಿಗೂ ಇವೆ. ಅವನ್ನು ಊರಲ್ಲಿ ಬಿಟ್ಟು ಅವನು ಕೆಲಸಕ್ಕೆ ಹೋಗುತ್ತಾನೆ. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಹಾಗೆ ಹೋದವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನಗಳ ನಂತರ ಹನುಮಂತಪ್ಪನವರೊಬ್ಬರೇ ಉಸಿರಾಡುತ್ತ ಸಿಕ್ಕರು. ಆದರೆ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು.

ನಮ್ಮ ಚಿಂತೆಗಳು ಸುಳ್ಳೆಂದು ಹೇಳುವುದಿಲ್ಲ. ಬಾರದ ಬಾಕಿ ಬಾಕಿಯೇ. ಆದರೆ ಖಾತೆ ಬರೆಯುವವರಿಗೆ ಎರಡೂ ಬದಿ ಗೊತ್ತಿರಬೇಕು. ನಮಗೆ ಬರಬೇಕಾದುದನ್ನು ದಿನವೂ ಎಣಿಸುವ ನಾವು ಕೊಡಬೇಕಾದುದನ್ನೂ ಎಣಿಸೋಣ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಮಕ್ಕಳ ಕೈಯಿಂದಲೇ ನಿಧಿಗೆ ಹಣ ಕೊಡಿಸೋಣ. ಊರಲ್ಲಿ ಯೋಧನ ಮನೆಯಿದ್ದರೆ ಹೋಗಿ ತಂದೆತಾಯಿಯರ ಕ್ಷೇಮ ಕೇಳೋಣ. ಪಿಂಚಣಿಯ ಕಾಗದಪತ್ರಕ್ಕೆ ಅವರು ಅಲೆಯುತ್ತಿದ್ದರೆ, ಲೆಕ್ಕಪತ್ರ ಬಲ್ಲ ನಮ್ಮವರೊಬ್ಬರು ಜೊತೆಗೆ ಹೋಗಿ ಬರಲಿ.