ಕಿವಿಯೊಳಗಿನ ಮೊರೆತ: ಶಬ್ದ ಬೇರೆ, ಸಂಕಟ ಬೇರೆ



ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಜೀರುಂಡೆ ಕೂಗಿದಂತೆ, ಸೀಟಿ ಹೊಡೆದಂತೆ, ‘ಗುಂಯ್’ ಎಂದು ಕೇಳಿಸುತ್ತಿದ್ದರೆ ಅದನ್ನು ಕಿವಿಮೊರೆತ ಅಥವಾ ಟಿನ್ನಿಟಸ್ ಎನ್ನುತ್ತಾರೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಪ್ರಪಂಚದ ವಯಸ್ಕರಲ್ಲಿ ಸುಮಾರು ಶೇ. 14 ಜನ ಇದನ್ನು ಅನುಭವಿಸಿದ್ದಾರೆ. ಆದರೂ ನಮ್ಮಲ್ಲಿ ಹೇಳಿಕೊಳ್ಳುವವರು ಕಡಿಮೆ. ಕೆಲವರು ಹುಚ್ಚು ಹಿಡಿಯುತ್ತಿದೆಯೇ ಎಂದು ಒಳಗೊಳಗೇ ಹೆದರುತ್ತಾರೆ. ಮತ್ತೆ ಕೆಲವರು ಸಾಮಾಯಿಕಕ್ಕೆ ಕೂರುವುದನ್ನೇ ಬಿಡುತ್ತಾರೆ. ಮೌನವಾಗಿ ಕುಳಿತೊಡನೆ ಆ ಸದ್ದು ಎದ್ದು ಕೇಳುತ್ತದೆ ಎಂಬುದೇ ಕಾರಣ.

ಮೊದಲು ತಿಳಿಯಬೇಕಾದ ಮಾತು: ಇದು ಭ್ರಮೆಯಲ್ಲ, ಮನೋರೋಗವೂ ಅಲ್ಲ. ವಯಸ್ಸಿನಿಂದ ಅಥವಾ ಗದ್ದಲದಲ್ಲಿ ದುಡಿದುದರಿಂದ ಒಳಕಿವಿಯ ಸೂಕ್ಷ್ಮ ಕೋಶಗಳು ಸವೆಯುತ್ತವೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ‘ವಾಲ್ಯೂಮ್’ ಏರಿಸಿಕೊಳ್ಳುತ್ತದೆ. ಆಗ ಇಲ್ಲದ ಸದ್ದು ಕೇಳಿಸುತ್ತದೆ ಎಂದು ತಜ್ಞರು ವಿವರಿಸುತ್ತಾರೆ. ಗುಗ್ಗೆ ಕಟ್ಟಿಕೊಂಡಿದ್ದರೂ, ಕೆಲವು ಔಷಧಿಗಳಿಂದಲೂ ಹೀಗಾಗಬಹುದು. ಆದ್ದರಿಂದ ಕಿವಿಗೆ ಬಿಸಿ ಎಣ್ಣೆ ಬಿಡುವ ಬದಲು ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಸಲಹೆ ಎರಡೂ ದೊರೆಯುತ್ತವೆ. ಹಠಾತ್ತಾಗಿ ಕಿವಿ ಕೇಳಿಸದಂತಾದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಾಡಿಯ ಬಡಿತದಂತೆ ಕೇಳುತ್ತಿದ್ದರೆ, ತಲೆಸುತ್ತು ಜೊತೆಗಿದ್ದರೆ ತಡಮಾಡದೆ ತೋರಿಸಬೇಕು.

‘ಇದು ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಿಯೇ ತೀರಬೇಕು’ ಎಂದು ಸುಮ್ಮನಿರುವವರೂ ಇದ್ದಾರೆ. ಕರ್ಮೋದಯ ನಿಜವಿರಬಹುದು. ಆದರೆ ಚತುರ್ವಿಧ ದಾನಗಳಲ್ಲಿ ಔಷಧದಾನವನ್ನೂ ಸೇರಿಸಿದ ಧರ್ಮ ನಮ್ಮದು. ಚಿಕಿತ್ಸೆ ಪಡೆಯಬೇಡಿ ಎಂದು ಅದು ಹೇಳುವುದಿಲ್ಲ.

ಪರೀಕ್ಷೆಯೆಲ್ಲ ಮುಗಿದ ಮೇಲೆ ವೈದ್ಯರು, ‘ಅಪಾಯವೇನಿಲ್ಲ, ಆದರೆ ಇದನ್ನು ಪೂರ್ತಿ ನಿಲ್ಲಿಸುವ ಮಾತ್ರೆಯಿಲ್ಲ’ ಎನ್ನುವುದುಂಟು. ಮನಸ್ಸು ಕುಸಿಯುವುದು ಆಗಲೇ. ಇಲ್ಲಿ ನಮ್ಮ ಆಚಾರ್ಯರ ಒಂದು ವಿಂಗಡಣೆ ನೆರವಿಗೆ ಬರುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಬಗೆಗಳಿವೆ. ಅದರಲ್ಲಿ ಮೂರು ಈ ತೊಂದರೆಗೆ ಹಾಗೆಯೇ ಹೊಂದುತ್ತವೆ. ಬೇಡದ ಸದ್ದು ಬಂತಲ್ಲ ಎಂದು ಕೊರಗುವುದು ಅನಿಷ್ಟಸಂಯೋಗ. ಇದ್ದ ನಿಶ್ಶಬ್ದ ಹೋಯಿತಲ್ಲ ಎಂದು ಹಂಬಲಿಸುವುದು ಇಷ್ಟವಿಯೋಗ. ಯಾವಾಗ ಹೋಗುತ್ತದೆ ಎಂದು ಗಳಿಗೆಗೊಮ್ಮೆ ಕಿವಿಗೊಡುವುದು ವೇದನೆಯ ಚಿಂತನೆ. ಸದ್ದು ಕಿವಿಯಲ್ಲಿ ಆಗುವುದು. ಈ ಮೂರು ಮನಸ್ಸಿನಲ್ಲಿ ಆಗುವುವು. ಸದ್ದು ನಮ್ಮ ಕೈಯಲ್ಲಿಲ್ಲ, ಈ ಮೂರನ್ನು ಕಡಿಮೆ ಮಾಡಿಕೊಳ್ಳಬಹುದು.

ಇಂದಿನ ಚಿಕಿತ್ಸೆಯೂ ಇದೇ ದಾರಿ ಹಿಡಿದಿದೆ. ಸಿಬಿಟಿ ಎಂಬ ಮನೋಚಿಕಿತ್ಸೆ ಸದ್ದನ್ನು ತಗ್ಗಿಸುವುದಿಲ್ಲ, ಅದರಿಂದಾಗುವ ಸಂಕಟವನ್ನು ತಗ್ಗಿಸುತ್ತದೆ. ಅಂಗಡಿಯಲ್ಲಿ ಬೆಳಗಿನಿಂದ ತಿರುಗುವ ಫ್ಯಾನಿನ ಸದ್ದು ನಮಗೆ ಕೇಳಿಸುವುದೇ ಇಲ್ಲ. ಅದರಿಂದ ಅಪಾಯವಿಲ್ಲ ಎಂದು ಮಿದುಳಿಗೆ ಗೊತ್ತಾಗಿದೆ. ಮೊರೆತವೂ ಬಹಳ ಜನರಿಗೆ ಕೆಲವು ತಿಂಗಳಲ್ಲಿ ಹಾಗೆಯೇ ಹಿಂದೆ ಸರಿಯುತ್ತದೆ. ಹೆದರಿ ಗಮನಿಸಿದಷ್ಟೂ ಅದು ಮುಂದೆ ಬರುತ್ತದೆ.

ನಿಶ್ಶಬ್ದವೇ ಇದಕ್ಕೆ ಮದ್ದು ಎಂದು ತಿಳಿಯಬೇಡಿ. 1953ರಲ್ಲಿ ಅಮೆರಿಕದಲ್ಲಿ ಕಿವಿ ಚೆನ್ನಾಗಿದ್ದ 80 ಜನರನ್ನು ಶಬ್ದ ನುಸುಳದ ಕೋಣೆಯಲ್ಲಿ ಕೂರಿಸಿದಾಗ ಶೇ. 94ರಷ್ಟು ಮಂದಿಗೆ ಏನಾದರೊಂದು ಸದ್ದು ಕೇಳಿಸಿತು. ಆದ್ದರಿಂದ ಸಾಮಾಯಿಕ ಬಿಡಬೇಡಿ, ಕೂರುವ ಕ್ರಮ ಬದಲಿಸಿಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಗಿಂತ ಗಾಳಿ, ಹಕ್ಕಿಯ ದನಿ ಬರುವ ಜಗಲಿ ಮೇಲು. ಪಂಚನಮಸ್ಕಾರ ಮಂತ್ರವನ್ನು ಮನಸ್ಸಿನಲ್ಲಿ ಜಪಿಸುವ ಬದಲು ಮೆಲುದನಿಯಲ್ಲಿ ಹೇಳಿಕೊಳ್ಳಿ. ಎರಡು ಗಳಿಗೆ, ಅಂದರೆ 48 ನಿಮಿಷ ಕಷ್ಟವಾದರೆ ಹತ್ತು ನಿಮಿಷದಿಂದ ಅಭ್ಯಾಸ ಮಾಡಿ. ಮೊರೆತ ಕೇಳಿದಾಗ ‘ಇದು ಶರೀರದಲ್ಲಿ ಆಗುತ್ತಿದೆ, ನಾನು ತಿಳಿಯುವವನು ಮಾತ್ರ’ ಎಂಬ ಭಾವನೆಯಿಂದ ಮತ್ತೆ ಮಂತ್ರಕ್ಕೆ ಮರಳಿ.

ರಾತ್ರಿ ಮಲಗುವಾಗ ಫ್ಯಾನು ತಿರುಗಲಿ, ಅಥವಾ ಸಣ್ಣಗೆ ಭಕ್ತಿಗೀತೆ ಕೇಳುತ್ತಿರಲಿ. ಕಿವಿ ಮಂದವಿದ್ದರೆ ಶ್ರವಣ ಸಾಧನ ಹಾಕಿಕೊಳ್ಳಲು ಸಂಕೋಚ ಬೇಡ. ಹೊರಗಿನ ಮಾತು ಚೆನ್ನಾಗಿ ಕೇಳಿದಾಗ ಎಷ್ಟೋ ಜನರಿಗೆ ಒಳಗಿನ ಮೊರೆತ ತಗ್ಗುತ್ತದೆ. ಮೆರವಣಿಗೆಯಲ್ಲಿ ಬ್ಯಾಂಡು, ಧ್ವನಿವರ್ಧಕಗಳ ಪಕ್ಕದಲ್ಲಿ ನಿಲ್ಲಬೇಡಿ.

ಮನೆಯವರಿಗೂ ಒಂದು ಮಾತು. ಆ ಸದ್ದು ನಿಮಗೆ ಕೇಳಿಸುವುದಿಲ್ಲ. ಅಷ್ಟಕ್ಕೇ ಅದು ಸುಳ್ಳಲ್ಲ. ‘ಅದನ್ನು ಮರೆತುಬಿಡಿ’ ಎನ್ನಬೇಡಿ, ದಿನವೂ ‘ಈಗ ಹೇಗಿದೆ?’ ಎಂದು ಕೇಳಿ ನೆನಪಿಸಲೂಬೇಡಿ. ಜೊತೆಗೆ ಕುಳಿತು ಬೇರೆ ಮಾತಾಡಿ, ಬಸದಿಗೆ ಕರೆದುಕೊಂಡು ಹೋಗಿ.

ನಿದ್ದೆಗೆಟ್ಟು ಬೇಸತ್ತು ‘ಈ ಬದುಕೇ ಸಾಕು’ ಎನ್ನಿಸಿದರೆ, ಅಥವಾ ಹಿರಿಯರೊಬ್ಬರು ಈ ಬೇಸರದಲ್ಲಿ ಸಲ್ಲೇಖನದ ಮಾತೆತ್ತಿದರೆ, ಅದನ್ನು ವೈರಾಗ್ಯವೆಂದು ತಿಳಿಯಬಾರದು. ಸಲ್ಲೇಖನ ಸಮತೆಯ ವ್ರತ. ಇದು ನೋವಿನ ಮಾತು, ಇದಕ್ಕೆ ಚಿಕಿತ್ಸೆಯಿದೆ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ನಿಮ್ಮ ಊರಿನ ಬಸದಿಯಲ್ಲಿ ಇತ್ತೀಚೆಗೆ ಕಾಣಿಸದ ಹಿರಿಯರಿದ್ದರೆ ಒಮ್ಮೆ ಮನೆಗೆ ಹೋಗಿ ವಿಚಾರಿಸಿ. ಕಾರಣ ಇದೇ ಇರಬಹುದು.