ಕಟ್ಟಡ ಉಳಿದರೆ ಸಾಕೆ, ಬೀದಿ ಉಳಿಯಬೇಡವೆ?



ಶೃಂಗೇರಿ ನಮಗೆಲ್ಲ ಪರಿಚಿತ ಊರು. ಆದರೆ ಆ ಸಣ್ಣ ಪೇಟೆಯಲ್ಲಿ ಎಷ್ಟು ಶತಮಾನಗಳು ಅಕ್ಕಪಕ್ಕ ನಿಂತಿವೆ ಎಂದು ಗಮನಿಸುವವರು ಕಡಿಮೆ. ಪೇಟೆಯ ನಡುವಿನ ಪಾರ್ಶ್ವನಾಥ ಬಸದಿ 12ನೇ ಶತಮಾನದ್ದು. ಊರೊಳಗಿನ ಗುಡ್ಡದ ಮೇಲೆ ಮಲಹಾನಿಕರೇಶ್ವರ ದೇವಾಲಯವಿದೆ. ತುಂಗೆಯ ದಡದ ವಿದ್ಯಾಶಂಕರ ದೇವಾಲಯ 14ನೇ ಶತಮಾನದ್ದು, ವಿಜಯನಗರದ ಆರಂಭ ಕಾಲಕ್ಕೆ ಸೇರಿದ್ದು. ಅದರ ಮಂಟಪದ 12 ಕಂಬಗಳಲ್ಲಿ 12 ರಾಶಿಗಳ ಚಿಹ್ನೆಗಳಿವೆ.

ಕಲ್ಲಿನಷ್ಟೇ ಕಾಗದವೂ ಮುಖ್ಯ. 1791ರಲ್ಲಿ ಮರಾಠಾ ಪಡೆಯೊಂದು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಂದಿನ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಪತ್ರ ಬರೆದರು. ಸುಲ್ತಾನ ಮಠಕ್ಕೆ ಹಣ ಮತ್ತು ಸಾಮಗ್ರಿ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ಅವನು ಮಠಕ್ಕೆ ಬರೆಸಿದ ಸುಮಾರು 30 ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಮಠದವರು ಅವನ್ನು ಜೋಪಾನವಾಗಿ ಇಟ್ಟಿದ್ದರಿಂದಲೇ ಇಂದು ಈ ಸಂಗತಿ ನಮಗೆ ತಿಳಿದಿದೆ.

ಹಳೆಯ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆಯ ರಕ್ಷಣೆಯಿದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಆದರೆ ಈ ಕಾಯಿದೆಯ ಗಮನವೆಲ್ಲ ಸ್ಮಾರಕದ ಮೇಲೆ. ಜಗಲಿ, ಮರದ ಕಂಬ, ಹೆಂಚಿನ ಇಳಿಜಾರು ಮಾಡಿನ ಸಾಮಾನ್ಯ ಮನೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಮಲೆನಾಡಿನ ಮಳೆಯನ್ನು ತಡೆಯಲು ನಮ್ಮ ಹಿರಿಯರು ಕಂಡುಕೊಂಡ ಜಾಣ್ಮೆ ಇರುವುದು ಆ ಮನೆಗಳಲ್ಲಿಯೇ.

ಅಮೆರಿಕದ ಚಾರ್ಲ್‌ಸ್ಟನ್ ನಗರದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಹಳೆಯ ಮನೆಗಳು ಒಂದೊಂದಾಗಿ ಹೋಗುವುದನ್ನು ಕಂಡ ಅಲ್ಲಿಯವರು 1920ರಲ್ಲಿ ಸಂಘ ಕಟ್ಟಿಕೊಂಡರು. 1931ರಲ್ಲಿ ನಗರಾಡಳಿತವು ಹಳೆಯ ಬಡಾವಣೆಯನ್ನೇ ಚಾರಿತ್ರಿಕ ಪ್ರದೇಶವೆಂದು ಗುರುತಿಸಿ ನಿಯಮ ಮಾಡಿತು. ಆ ದೇಶದಲ್ಲಿ ಇಂಥ ನಿಯಮ ಅದೇ ಮೊದಲು. ನಮ್ಮ ದೇಶದಲ್ಲಿ ಅಹಮದಾಬಾದಿನ ಹಳೆಯ ಪಟ್ಟಣ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಮಸೀದಿ, ಮಂದಿರ, ಜೈನ ದೇವಾಲಯಗಳ ಜೊತೆಗೆ ಜನ ವಾಸಿಸುವ ಓಣಿಗಳಿಗೂ ಬೆಲೆ ಸಿಕ್ಕಿದೆ.

ಹಾಗೆಂದು ಹಳೆಯ ಮನೆ ಕೆಡವುವವರನ್ನು ದೂರುವುದು ಸುಲಭವಲ್ಲ. ಮರ ದುಬಾರಿ, ಪ್ರತಿ ಮಳೆಗಾಲಕ್ಕೂ ಹೆಂಚು ಸರಿಪಡಿಸಬೇಕು, ಕುಟುಂಬ ಬೆಳೆದಂತೆ ಜಾಗ ಸಾಲದು. ದುರಸ್ತಿಗೆ ನೆರವು ಸಿಗದೆ "ಉಳಿಸಿ" ಎಂದರೆ ಮನೆಯವರಿಗೆ ಅದು ಹೊರೆಯೇ.

ಆದರೆ ದಾಖಲಿಸಲು ಹೆಚ್ಚು ಹಣ ಬೇಕಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲಿಯವರೇ ಆಗಿರಿ, ನಿಮ್ಮ ಬೀದಿಯ ಒಂದು ಹಳೆಯ ಮನೆ, ಅಂಗಡಿ, ಶಾಲೆ ಅಥವಾ ಮಸೀದಿಯನ್ನು ಆರಿಸಿಕೊಳ್ಳಿ. ಅಲ್ಲಿಯವರ ಅನುಮತಿ ಪಡೆದು ಫೋಟೋ ತೆಗೆಯಿರಿ, ಉದ್ದಗಲ ಅಳೆಯಿರಿ. ಯಾರು ಕಟ್ಟಿಸಿದರು, ಮರ, ಹೆಂಚು ಎಲ್ಲಿಂದ ಬಂದವು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.